ನಾಲ್ಕನೇ ಹಲಗೆಯ ಮಧ್ಯಾಹ್ನ

ನನ್ನ ಕೋಣೆ ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಅಗಲ. ನಾನು ಒಪ್ಪಿಕೊಂಡು ಬಂದ ಚಿತ್ರ ಇಪ್ಪತ್ತೆಂಟು ಅಡಿ ಉದ್ದ, ಆರು ಅಡಿ ಎತ್ತರ. ಈ ಸುದ್ದಿ ಹೇಳಿದ ದಿನ ನನ್ನ ಸೋದರತ್ತೆ ಕ್ಲೊತೀಲ್ದೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಕೋಣೆಯನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು.

"ಮಿಕ್ಕಿದ್ದು ಎಲ್ಲಿಡ್ತೀಯೇ ಅಂಪಾರೊ? ಪಾದ್ರಿಗಳ ಮಂಚದ ಕೆಳಗಾ?"

ಕೋಣೆ ನನ್ನದು ಎಂದೆ, ಅದೂ ಪೂರ್ತಿ ನಿಜವಲ್ಲ. ಅರ್ಧ ಅತ್ತೆಯದು. ಅತ್ತೆ ಮೇಣದಬತ್ತಿ ಮಾಡುವವಳು; ಅವಳ ತಾಯಿಯೂ ಅದೇ, ಅಜ್ಜಿಯೂ ಅದೇ. ಸೂರಿನ ತೊಲೆಗೆ ಒಂದು ಮರದ ಚಕ್ರ ನೇತುಹಾಕಿದ್ದಾಳೆ, ಅದರ ಸುತ್ತ ನಲವತ್ತು ಬತ್ತಿದಾರಗಳು. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಒಂದೊಂದು ದಾರದ ಮೇಲೂ ಸೌಟಿನಿಂದ ಬಿಸಿ ಜೇನುಮೇಣ ಸುರಿಯುತ್ತಾಳೆ. ಸುರಿದದ್ದು ಆರುವಷ್ಟರಲ್ಲಿ ಚಕ್ರ ಒಂದು ಸುತ್ತು ಬಂದಿರುತ್ತದೆ, ಮತ್ತೆ ಸುರಿಯುತ್ತಾಳೆ. ಎಪ್ಪತ್ತೆಂಟು ವರ್ಷ ಅವಳಿಗೆ. ಕೈ ನಡುಗುವುದು ಚಮಚ ಹಿಡಿದಾಗ ಮಾತ್ರ. ಸೌಟು ಹಿಡಿದರೆ ನಡುಗುವುದಿಲ್ಲ.

ನಾನು ಅದೇ ಮೇಣಕ್ಕೆ ಬಣ್ಣ ಬೆರೆಸಿ ಚಿತ್ರ ಬರೆಯುವವಳು. ಇದನ್ನು ಯಾರೂ ಕಲಿಸಲಿಲ್ಲ. ಚಿಕ್ಕವಳಿದ್ದಾಗ ಅತ್ತೆಯ ಮೇಣ ನೆಲಕ್ಕೆ ತೊಟ್ಟಿಕ್ಕಿ ಆರಿದ ಮೇಲೆ ಅದರಲ್ಲಿ ನನಗೆ ಕೋಳಿ, ಕತ್ತೆ, ಬಿಷಪ್ಪರ ಟೋಪಿ ಎಲ್ಲ ಕಾಣುತ್ತಿತ್ತು. ಆಮೇಲೆ ಒಂದು ದಿನ ಆ ಕತ್ತೆಗೆ ಇಟ್ಟಿಗೆಪುಡಿಯ ಬಣ್ಣ ಹಾಕಿದೆ. ಅಲ್ಲಿಂದ ಶುರು. ಎಂಟು ಪಾಲು ಮೇಣಕ್ಕೆ ಒಂದು ಪಾಲು ರಾಳ, ಚರ್ಚಿನಲ್ಲಿ ಧೂಪಕ್ಕೆ ಹಾಕುವ ಕೊಪಾಲ್ ರಾಳವೇ, ಹಾಕಿದರೆ ಮೇಣ ಗಟ್ಟಿಯಾಗುತ್ತದೆ. ರೊಟ್ಟಿ ಸುಡುವ ಮಣ್ಣಿನ ಹೆಂಚಿನ ಮೇಲೆ ಹತ್ತು ಖಾಲಿ ಸಾರ್ಡೀನ್ ಡಬ್ಬಿ ಇಟ್ಟು ಒಂದೊಂದರಲ್ಲಿ ಒಂದು ಬಣ್ಣ ಕರಗಿಸುತ್ತೇನೆ. ಕುಂಚ ಅದ್ದಿ ಹಲಗೆಗೆ ಮುಟ್ಟಿಸುವಷ್ಟರಲ್ಲಿ ಬಣ್ಣ ಹೆಪ್ಪುಗಟ್ಟಿರುತ್ತದೆ. ಆಮೇಲೆ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಆಡಿಸಬೇಕು. ಆಗ ಮೇಲಿನ ಪದರ ಬೆವರಿ ಕೆಳಗಿನದಕ್ಕೆ ಅಂಟಿಕೊಳ್ಳುತ್ತದೆ. ಇಸ್ತ್ರಿ ಒಂದು ಕೂದಲೆಳೆ ಕೆಳಗೆ ಇಳಿಯಿತೋ, ಮೂಗು ಗಲ್ಲಕ್ಕೆ ಇಳಿಯುತ್ತದೆ.

"ದಿನಾ ಮನೇಲಿ ಪೂಜೆ ನಡೆದಂಗೆ ವಾಸನೆ. ದೇವರು ಮಾತ್ರ ಬರಲ್ಲ, ಜೇನುಹುಳ ಬರ್ತವೆ" ಎನ್ನುತ್ತಿದ್ದಳು ಅತ್ತೆ. ಅವಳ ಪ್ರಕಾರ ನಾನು ಮಾಡುವುದು ಒಳ್ಳೆಯ ಮೇಣ ಹಾಳುಮಾಡುವ ಕೆಲಸ. "ಉರಿಯೋಕೆ ಇರೋದನ್ನ ಗೋಡೆಗೆ ಮೆತ್ತುತೀಯ."

ಚಿತ್ರ ನಮ್ಮ ಸಾಂತಾ ರೊಸಾಲಿಯಾ ಊರಿನ ಮಾರುಕಟ್ಟೆಗೆ. ಒಳಗಿನ ದಕ್ಷಿಣದ ಗೋಡೆ ಉದ್ದಕ್ಕೂ ಬೋಳಾಗಿ ನಿಂತಿತ್ತು. ಮಾರುವವರನ್ನೆಲ್ಲ, ಪೂರ್ವದ ಬಾಗಿಲಿನ ರೊಟ್ಟಿಯವರಿಂದ ಹಿಡಿದು ಪಶ್ಚಿಮದ ಬಾಗಿಲಿನ ಸುಟ್ಟ ಮಾಂಸದವರವರೆಗೆ, ಕೂತ ಸಾಲಿನಲ್ಲೇ ಬರೆಯುತ್ತೇನೆ ಎಂದು ನಾನು ಮಾರುಕಟ್ಟೆಯ ಮಂಡಳಿಗೆ ಹೇಳಿದೆ. ಮಾರುವ ಹೆಂಗಸರು ಚಪ್ಪಾಳೆ ತಟ್ಟಿದರು. ಅಷ್ಟೇ ಅಲ್ಲ, ಹಬ್ಬಗಳಲ್ಲಿ ಉರಿದು ಉಳಿದ ಮೋಟು ಮೇಣದಬತ್ತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದುಕೊಟ್ಟರು. ಆ ಮೋಟುಗಳೇ ಚಿತ್ರದ ಮೇಣ.

ಒಬ್ಬರು ಮಾತ್ರ ತಟ್ಟಲಿಲ್ಲ. ಮಂಡಳಿಯ ಅಧ್ಯಕ್ಷರು ದೋನ್ ಅಬುಂದಿಯೊ, ಟೋಪಿ ಮತ್ತು ಹಗ್ಗದ ಅಂಗಡಿಯವರು. ಅವರಿಗೆ ಒಂದು ಸೋಡಾ ಕಂಪನಿಯವರು ಮಾತು ಕೊಟ್ಟಿದ್ದರು: ಗೋಡೆ ಪೂರ್ತಿ ಕೆಂಪು ಬಣ್ಣ ಬಳಿದು ನಡುವೆ ಒಂದು ದೊಡ್ಡ ಬಾಟಲಿ ಬರೆಯಲು ಬಿಟ್ಟರೆ, ಮಂಡಳಿಯ ಕೋಣೆಗೆ ಒಂದು ಫ್ರಿಜ್ಜು.

"ನೋಡಮ್ಮ ಅಂಪಾರೊ, ನನಗೆ ಕಲೆ ಬಗ್ಗೆ ಗೌರವ ಇದೆ. ಆದರೆ ಕಲೆಯೊಳಗೆ ನೀರು ತಣ್ಣಗಾಗಲ್ಲ."

ಕೊನೆಗೆ ಹೆಂಗಸರ ಬಾಯಿಗೆ ಹೆದರಿ ಒಂದು ಗಡುವು ಕೊಟ್ಟರು. ಏಪ್ರಿಲ್ ಕೊನೆಯ ಶುಕ್ರವಾರ ಮಂಡಳಿ ಬಂದು ನೋಡುತ್ತದೆ. ಸರಿಯಿದ್ದರೆ ಗೋಡೆ ನನ್ನದು. ಇಲ್ಲದಿದ್ದರೆ ಅದೇ ದಿನ ನಾಲ್ಕು ಗಂಟೆಗೆ ಕಂಪನಿಯ ಬಣ್ಣದವನು ಏಣಿ ತರುತ್ತಾನೆ.

ಏಳು ತಿಂಗಳು ದುಡಿದೆ. ನಾಲ್ಕಡಿ ಅಗಲದ ಏಳು ಹಲಗೆ. ಒಂದೊಂದನ್ನೇ ಮೇಜಿನ ಮೇಲೆ ಮಲಗಿಸಿ ಬರೆಯಬೇಕು, ಏಕೆಂದರೆ ನಿಲ್ಲಿಸಿ ಇಸ್ತ್ರಿ ಆಡಿಸಿದರೆ ಮೇಣ ಜಾರುತ್ತದೆ. ಮುಗಿದದ್ದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನಡುವೆ ಮರದ ತುಂಡು ಕೊಟ್ಟು, ಮೇಲೆ ದುಪ್ಪಟಿ ಹೊದೆಸುತ್ತಿದ್ದೆ. ಎರಡು ಹಲಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಜಾಗವೇ ಇರಲಿಲ್ಲ. ಮಾರುವವರು ಒಬ್ಬೊಬ್ಬರಾಗಿ ಬಂದು ಮೇಜಿನ ಆಚೆ ಮುಕ್ಕಾಲಿಯ ಮೇಲೆ ಕೂರುತ್ತಿದ್ದರು. ನಾನು ಈಚೆ. ಎಡಗಡೆ ಕಿಟಕಿ. ಕಂಡದ್ದನ್ನು ಕಂಡ ಹಾಗೆ ಬರೆದೆ.

ನಾಲ್ಕನೇ ಹಲಗೆ ನನ್ನ ಕೊಮಾದ್ರೆ ತ್ರಾನ್ಸಿತೊಳದು. ನನ್ನ ಮಗಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ಅವಳು. ಆ ನಂಟಿನಿಂದಲೇ ನಾವು ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆಯುವುದು. ಮಾರುಕಟ್ಟೆಯ ನಟ್ಟನಡುವೆ ತೆಹಾತೆ ಎಂಬ ಪಾನಕ ಮಾರುತ್ತಾಳೆ. ಜೋಳ, ಕೋಕೋ ಅರೆದು ತಣ್ಣೀರಿನಲ್ಲಿ ಮೊಳಕೈಯವರೆಗೆ ಕೈಹಾಕಿ ಕಲಸಿದರೆ ಮೇಲೆ ಬಿಳಿ ನೊರೆ ಏಳುತ್ತದಲ್ಲ, ಅದಕ್ಕಾಗಿ ಜನ ಸಾಲು ನಿಲ್ಲುತ್ತಾರೆ. ಅವಳ ಹಸಿರು ಬೋಗುಣಿಗೆ ನಾನು ಹದಿನೆಂಟು ಪದರ ಹಾಕಿದ್ದೆ.

ಅದು ಮುಗಿಯುವ ಹೊತ್ತಿಗೆ ಜನವರಿ ಕೊನೆಯಾಗಿತ್ತು. ಅತ್ತೆಗೆ ಈಸ್ಟರಿನ ದೊಡ್ಡ ಬತ್ತಿಗಳ ಕೆಲಸ ಶುರು. ಚಕ್ರವನ್ನು ನನ್ನ ತಲೆಯ ಮೇಲೇ ಸರಿಸಿಕೊಂಡಳು. ಮೇಜು ಸರಿಯುವಂತಿರಲಿಲ್ಲ, ಆದ್ದರಿಂದ ನಾನೇ ಸರಿದೆ. ಮೇಜಿನ ಆಚೆ ನಾನು, ಈಚೆ ಮುಕ್ಕಾಲಿ. ಉಳಿದ ಮೂರು ಹಲಗೆ ಹಾಗೆ ಬರೆದು ಮುಗಿಸಿದೆ. ಬೇರೇನೂ ಬದಲಾಗಿಲ್ಲ ಎಂದೇ ತಿಳಿದಿದ್ದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಬನ್ನಿ ಎಂದು ಮಂಡಳಿಗೆ ಹೇಳಿಕಳಿಸಿದ್ದೆ, ಬಿಸಿಲೇರುವ ಮುಂಚೆ. ದೋನ್ ಅಬುಂದಿಯೊ ಬಂದದ್ದು ಹನ್ನೊಂದಕ್ಕೆ. ಹಿಂದೆ ಅರ್ಧ ಮಾರುಕಟ್ಟೆ.

"ಟೋಪಿ ವ್ಯಾಪಾರ ಬೆಳಿಗ್ಗೆ ಬಿಡೋಕಾಗಲ್ಲಮ್ಮ. ಎಲ್ಲಿ, ತೋರಿಸು."

ತೋರಿಸಲು ಬೀದಿ ಬಿಟ್ಟರೆ ಬೇರೆ ಜಾಗವಿಲ್ಲ. ಹತ್ತು ಜನ ಸೇರಿ ಏಳು ಹಲಗೆಗಳನ್ನೂ ಹೊರಗೆ ತಂದು ಎದುರು ಗೋಡೆಗೆ ಒರಗಿಸಿದರು. ನಾನು ಇನ್ನೂ ಕೊನೆಯ ದುಪ್ಪಟಿ ತೆಗೆಯುತ್ತಿದ್ದೆ, ಅಷ್ಟರಲ್ಲಿ ರೊಟ್ಟಿಯ ಹೆಂಗಸು ಕಿರುಚಿಕೊಂಡಳು: "ಅಯ್ಯೋ, ನನ್ನ ಹಣೆ ಬೆವರ್ತಿದೆ!"

ನಿಜವಾಗಿ ಬೆವರುತ್ತಿತ್ತು. ಹಣೆ ಮಾತ್ರವಲ್ಲ, ಹೂವು, ಸೊಪ್ಪು, ಮಾಂಸ, ಎಲ್ಲಕ್ಕೂ ಹೊಳಪು ಬರುತ್ತಿತ್ತು. ನಮ್ಮ ಏಪ್ರಿಲ್ ಬಿಸಿಲಿಗೆ ಇಸ್ತ್ರಿಪೆಟ್ಟಿಗೆಯೇ ಬೇಕಿಲ್ಲ. ನಾನು ಕೂಗಿಕೊಳ್ಳುವ ಮೊದಲೇ ತ್ರಾನ್ಸಿತೊ ಕೂಗಿದಳು, "ಟಾರ್ಪಾಲು!"

ನಮ್ಮವರಿಗೆ ಬೇರೇನು ಬರುತ್ತದೋ ಇಲ್ಲವೋ, ನೆರಳು ಕಟ್ಟಲು ಬರುತ್ತದೆ. ದಿನ ಬೆಳಗಾದರೆ ಅದೇ ಕೆಲಸವಲ್ಲವೇ? ದೋನ್ ಅಬುಂದಿಯೊ ತಮ್ಮ ಹೆಗಲ ಮೇಲಿನ ಹಗ್ಗದ ಸುರುಳಿಯನ್ನೇ ಬಿಚ್ಚಿ ಎಸೆದರು. ಒಬ್ಬ ಕಿಟಕಿಯ ಸರಳಿಗೆ ಗಂಟು ಹಾಕಿದ, ಒಬ್ಬಳು ದೀಪದ ಕಂಬಕ್ಕೆ ಬಿಗಿದಳು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೀದಿಗೆ ಅಡ್ಡಲಾಗಿ ನೀಲಿ, ಹಳದಿ ಟಾರ್ಪಾಲು. ಮೇಣ ಮತ್ತೆ ಗಟ್ಟಿಯಾಯಿತು. ನಾನು ಉಸಿರು ಬಿಟ್ಟು, ಮೊದಲ ಸಲ, ನನ್ನ ಚಿತ್ರವನ್ನು ಪೂರ್ತಿಯಾಗಿ ನೋಡಿದೆ.

ಚೆನ್ನಾಗಿತ್ತು. ನನ್ನದೇ ಎಂದು ಹೇಳುತ್ತಿಲ್ಲ, ನಿಜಕ್ಕೂ ಚೆನ್ನಾಗಿತ್ತು. ಜನ ತಮ್ಮ ತಮ್ಮ ಮುಖ ಹುಡುಕಿಕೊಂಡು ಹೋಗಿ ನಿಂತರು.

"ನಾನು ಇಷ್ಟು ದಪ್ಪ ಇದೀನೇನೇ?"

"ಇಲ್ಲ, ಮೇಣ ಕಡಿಮೆ ಬಿತ್ತು ಅಂತ ಅಷ್ಟಕ್ಕೇ ನಿಲ್ಲಿಸಿದಾಳೆ."

ದೋನ್ ಅಬುಂದಿಯೊ ಮಾತ್ರ ಐದನೇ ಹಲಗೆಯಲ್ಲಿದ್ದ ತಮ್ಮನ್ನು ನೋಡಿದರು, ಪಕ್ಕದ ನಾಲ್ಕನೆಯದರಲ್ಲಿದ್ದ ತ್ರಾನ್ಸಿತೊಳನ್ನು ನೋಡಿದರು, ಮತ್ತೆ ತಮ್ಮನ್ನು ನೋಡಿದರು. ಹಗ್ಗದವರು, ಅಳತೆಯ ಕಣ್ಣು.

"ಅಂಪಾರೊ, ಇವಳ ನೆರಳು ನನ್ನ ಕಡೆ ಬರ್ತಿದೆ."

"ಹೌದು ದೋನ್ ಅಬುಂದಿಯೊ."

"ನನ್ನ ನೆರಳು ಇವಳ ಕಡೆ ಹೋಗ್ತಿದೆ."

ನಾನು ಎರಡು ಹಲಗೆಗಳ ನಡುವೆ ಬಗ್ಗಿ ನೋಡಿದೆ.

"ಎರಡೂ ಇಲ್ಲಿ ನಡುವೆ ಬಂದು ಟಗರಿನ ಥರ ಡಿಕ್ಕಿ ಹೊಡೀತಿವೆಯಲ್ಲಮ್ಮ! ನಮ್ಮ ಮಾರ್ಕೆಟ್ಟಿಗೆ ಎಷ್ಟು ಸೂರ್ಯ?"

ಬೀದಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಕಿಟಕಿ! ಮೇಜಿನ ಆಚೆ ಹೋಗಿ ಕೂತಾಗ ಕಿಟಕಿ ನನ್ನ ಬಲಕ್ಕೆ ಬಂದಿತ್ತು. ಮೊದಲ ನಾಲ್ಕು ಹಲಗೆಗಳಿಗೆ ಬೆಳಕು ಎಡದಿಂದ, ಉಳಿದ ಮೂರಕ್ಕೆ ಬಲದಿಂದ. ಏಳು ತಿಂಗಳಲ್ಲಿ ಎರಡು ಹಲಗೆಗಳನ್ನು ಒಟ್ಟಿಗೆ ಒಮ್ಮೆ ನೋಡಿದ್ದರೂ ಸಾಕಿತ್ತು.

"ನೀವೇ ಹೇಳಿ" ಎಂದರು ದೋನ್ ಅಬುಂದಿಯೊ ಜನರ ಕಡೆ ತಿರುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. "ನಾಳೆ ಪಕ್ಕದೂರಿನವರು ಬಂದು ನೋಡಿ, ಸಾಂತಾ ರೊಸಾಲಿಯಾದವರಿಗೆ ಸೂರ್ಯ ಯಾವ ಕಡೆ ಹುಟ್ತಾನೆ ಅನ್ನೋದೂ ಗೊತ್ತಿಲ್ಲ ಅಂದರೆ? ನಾಲ್ಕು ಗಂಟೆಗೆ ಆ ಹುಡುಗ ಬರ್ತಾನೆ. ಬರಲಿ ಬಿಡಿ."

ಮೂರು ಹಲಗೆ ಮತ್ತೆ ಬರೆಯಲು ಮೂರು ತಿಂಗಳು ಬೇಕು. ನನ್ನ ಬಳಿ ಇದ್ದದ್ದು ಐದು ಗಂಟೆಗಿಂತ ಕಡಿಮೆ. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ತ್ರಾನ್ಸಿತೊ ಚಿತ್ರದ ಮುಂದೆ ಸೊಂಟಕ್ಕೆ ಕೈಯಿಟ್ಟು ಎಡದಿಂದ ಬಲಕ್ಕೆ ನಡೆದಳು. ವಾಪಸ್ಸು ನಡೆದಳು.

"ದೋನ್ ಅಬುಂದಿಯೊ, ರೊಟ್ಟಿಯವಳು ಎಷ್ಟೊತ್ತಿಗೆ ಬರ್ತಾಳೆ?"

"ಆರಕ್ಕೆ. ಯಾಕೆ?"

"ಎಷ್ಟೊತ್ತಿಗೆ ಹೋಗ್ತಾಳೆ?"

"ಹತ್ತಕ್ಕೆಲ್ಲ ಖಾಲಿ ಮಾಡಿಕೊಂಡು ಹೋಗ್ತಾಳೆ."

"ಹೂವಿನವಳೂ ಹೋಗ್ತಾಳೆ, ಸೊಪ್ಪಿನವಳೂ ಹೋಗ್ತಾಳೆ. ಬಿಸಿಲು ಪೂರ್ವದ ಬಾಗಿಲು ಬಿಟ್ಟು ಪಶ್ಚಿಮಕ್ಕೆ ಹೋಗೋದನ್ನ ಅವರು ಯಾವತ್ತಾದ್ರೂ ನೋಡಿದಾರಾ? ಇನ್ನು ಮಾಂಸದವರು ಕೆಂಡ ಹಾಕೋದು ಯಾವಾಗ?"

"ಮೂರರ ಮೇಲೆ."

"ಆಗ ಬಿಸಿಲು ಎಲ್ಲಿಂದ?"

ದೋನ್ ಅಬುಂದಿಯೊ ಕಣ್ಣಿಗೆ ಕೈ ಅಡ್ಡ ಹಿಡಿದು ಪಶ್ಚಿಮದ ಕಡೆ ನೋಡಿದರು. ಅವರ ಅಂಗಡಿ ಪಶ್ಚಿಮದ ಬಾಗಿಲಿನ ಕಡೆ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಇಪ್ಪತ್ತು ವರ್ಷದಿಂದ ಗೊಣಗುತ್ತಿದ್ದಾರೆ.

"ಇವಳು ತಪ್ಪು ಮಾಡಿಲ್ಲ ರೀ. ಎಡಗಡೆ ಬೆಳಿಗ್ಗೆ, ಬಲಗಡೆ ಸಂಜೆ. ತಪ್ಪಿರೋದು ನನ್ನೊಬ್ಬಳ ಹಲಗೇಲಿ." ತ್ರಾನ್ಸಿತೊ ನನ್ನ ಕಡೆ ತಿರುಗಿದಳು. "ಕೊಮಾದ್ರೆ, ಬೆಳಿಗ್ಗೆ ಎಂಟಕ್ಕೆ ಯಾವ ಹುಚ್ಚ ತೆಹಾತೆ ಕುಡಿತಾನೆ? ನನ್ನ ಬೋಗುಣಿ ಮುಂದೆ ಜನ ನಿಲ್ಲೋದು ನಡುಮಧ್ಯಾಹ್ನ. ನೆರಳು ಪಾದದ ಕೆಳಗೆ ಇರೋವಾಗ. ಎದ್ದೇಳು. ನನಗೆ ಮಧ್ಯಾಹ್ನ ಬರಿ."

ನಾನು ಎದ್ದೆ.

ಎಣ್ಣೆ ಬಣ್ಣವಾಗಿದ್ದರೆ ಆ ದಿನ ಕೆಲಸ ಮುಗಿಯುತ್ತಲೇ ಇರಲಿಲ್ಲ. ಮೇಣ ಹಾಗಲ್ಲ. ಅದು ಯಾವತ್ತೂ ಪೂರ್ತಿ ಮುಗಿದದ್ದಲ್ಲ. ಬಿಸಿ ಮಾಡಿದರೆ ಮತ್ತೆ ಮಾತು ಕೇಳುತ್ತದೆ. ಮೇಜು ಬಾಗಿಲಲ್ಲಿ ಹಿಡಿಸದ್ದರಿಂದ ಎರಡು ಹಣ್ಣಿನ ಪೆಟ್ಟಿಗೆಗಳ ಮೇಲೆ ನಾಲ್ಕನೇ ಹಲಗೆಯನ್ನು ಟಾರ್ಪಾಲಿನ ಕೆಳಗೆ ಮಲಗಿಸಿದೆವು. ತ್ರಾನ್ಸಿತೊ ಕೋಕೋ ಹುರಿಯುವ ತನ್ನ ಹೆಂಚನ್ನೂ, ಜನಕ್ಕೆ ಕುಡಿಯಲೆಂದು ತೆಹಾತೆಯ ಬೋಗುಣಿಯನ್ನೂ ಹೊತ್ತು ತಂದಳು. ಬೀದಿಯ ಮನೆಗಳಿಂದ ಇಸ್ತ್ರಿಪೆಟ್ಟಿಗೆಗಳು ಬಂದವು, ಕೆಂಡದವು ನಾಲ್ಕು, ಕರೆಂಟಿನದು ಒಂದು. ಒಂದು ಆರಿದರೆ ಇನ್ನೊಂದು. ಬಲಕ್ಕೆ ಚಾಚಿದ್ದ ಆ ಉದ್ದ ನೆರಳನ್ನು ಬೆಚ್ಚಗೆ ಮಾಡಿ ಚಾಕುವಿನಿಂದ ಕೆರೆದು ತೆಗೆದೆ. ಸುರುಳಿ ಸುರುಳಿಯಾಗಿ ಬಂತು, ಚಾಕೊಲೇಟಿನ ಹಾಗೆ. ಬೋಗುಣಿಯ ಕೆಳಗೆ, ತ್ರಾನ್ಸಿತೊಳ ಪಾದದ ಕೆಳಗೆ ಪುಟ್ಟ ಕಪ್ಪು ನೆರಳು ಬರೆದೆ, ಟೋಪಿ ಕೆಳಗೆ ಬಿದ್ದಂತೆ. ಮುಖದ ಎಡಬದಿಯ ಬೆಳಕನ್ನು ಎತ್ತಿ ನೆತ್ತಿಗೆ, ಮೂಗಿನ ತುದಿಗೆ, ಹೆಗಲಿಗೆ ಇಟ್ಟೆ.

"ಮೂಗು ಸಣ್ಣ ಮಾಡೇ, ಹೇಗೂ ಕೆರೀತಿದೀಯ" ಎಂದಳು ಅವಳು.

ಎರಡೂವರೆಯಾಯಿತು. ಒಂದೇ ಉಳಿದಿತ್ತು: ಮೇಲಿಂದ ಇಳಿಯುವ ಬೆಳಕು. ಮಾರುಕಟ್ಟೆಯ ಸೂರಿನ ನಡುವೆ ಒಂದು ಕಿಂಡಿಯಿದೆ. ಮಧ್ಯಾಹ್ನ ಅಲ್ಲಿಂದ ಬಿಸಿಲು ಬೋಗುಣಿಯವರೆಗೆ ನೇರ ಬೀಳುತ್ತದೆ, ಒಂದು ಕಂಬದ ಹಾಗೆ. ಅದನ್ನು ಬರೆಯಬೇಕು. ಆರಡಿ ಎತ್ತರದಿಂದ, ತೆಳ್ಳಗೆ, ಒಂದೇ ಸಮ, ಕೆಳಗಿನದೆಲ್ಲ ಕಾಣುವ ಹಾಗೆ. ಕುಂಚ ಹಾಕಿದೆ. ಅಂಗೈಯಷ್ಟು ದೂರ ಹೋಗಿ ಹೆಪ್ಪುಗಟ್ಟಿತು. ಕೆರೆದೆ. ಮತ್ತೆ ಹಾಕಿದೆ. ಗೆರೆಗೆರೆಯಾಯಿತು, ನೇಗಿಲು ಹೊಡೆದ ಹೊಲದ ಹಾಗೆ. ಮೂರನೇ ಸಲ ಕೆರೆಯುವಾಗ ಕೈ ಸೋತಿತ್ತು.

"ಬೆಳಕಾ ಅದು? ಬಾಚಣಿಗೆ ಇದ್ದಂಗಿದೆ."

ಕ್ಲೊತೀಲ್ದೆ ಅತ್ತೆ. ಬೆಳಗಿನಿಂದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬತ್ತಿದಾರ ಹೊಸೆಯುತ್ತಾ ಕೂತಿದ್ದಳು.

"ಕುಂಚಕ್ಕೆ ಬಗ್ತಿಲ್ಲ ಅತ್ತೆ."

"ಬಗ್ಗಲ್ಲ. ಮೇಣ ಬಳಿಯೋದಲ್ಲ, ಸುರಿಯೋದು. ಎಷ್ಟು ವರ್ಷದಿಂದ ನೋಡ್ತಿದೀಯ, ಕಣ್ಣೇನು ಕೋಳಿಗೆ ಹಾಕಿದ್ದೆಯಾ?"

ಒಳಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಬಿಚ್ಚಿದಳು. ನನಗೆ ಗೊತ್ತಿತ್ತು ಅದೇನೆಂದು, ಆದರೂ ನಂಬಲಿಲ್ಲ. ಅವಳ ಬಿಳಿ ಮೇಣ. ಹಳದಿ ಮೇಣವನ್ನು ಚೂರು ಮಾಡಿ, ವರ್ಷಗಟ್ಟಲೆ ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿ, ದಿನಾ ನೀರು ಚಿಮುಕಿಸಿ ಮಗುಚಿ ಮಾಡಿದ್ದು. ಮದುವೆ ನಿಶ್ಚಯದ ಬತ್ತಿಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಸದವಳು.

"ಅತ್ತೆ, ಇದು ಬೇಡ..."

"ಎರಡು ವರ್ಷ ಬಿಸಿಲು ಕುಡಿದಿರೋ ಮೇಣ ಕಣೇ ಇದು. ಬೆಳಕು ಬೇಕು ಅಂದೆಯಲ್ಲ? ಇಸ್ತ್ರಿ ಹಿಡಿ, ನನ್ನ ಹಿಂದೇ ಬಾ. ಮುಂದೆ ಬಂದರೆ ಸೌಟಲ್ಲೇ ಕೊಡ್ತೀನಿ."

ಬಿಳಿ ಮೇಣ ಹೆಂಚಿನ ಮೇಲೆ ಕರಗುವಷ್ಟರಲ್ಲಿ ಹಲಗೆಯ ತಲೆಯ ಕಡೆ ಇನ್ನೊಂದು ಪೆಟ್ಟಿಗೆ ಕೊಟ್ಟು ಸ್ವಲ್ಪ ಎತ್ತರಿಸಿದೆವು. ದೋನ್ ಅಬುಂದಿಯೊ ಟೋಪಿ ತೆಗೆದು ಎದೆಗೆ ಹಿಡಿದರು. ಅತ್ತೆ ಸೌಟನ್ನು ಬಾಗಿಸಿದಳು. ಸುರಿದಳು ಎನ್ನುವುದಕ್ಕಿಂತ ಮೇಣಕ್ಕೆ ದಾರಿ ತೋರಿಸಿದಳು ಎನ್ನಬೇಕು. ಕೂದಲಿನಷ್ಟು ತೆಳ್ಳಗಿನ ಪರದೆ, ಮೇಲಿಂದ ಇಳಿದು, ತ್ರಾನ್ಸಿತೊಳ ನೆತ್ತಿ ದಾಟಿ, ಹೆಗಲು ದಾಟಿ, ಬೋಗುಣಿಯ ನೊರೆಯ ಮೇಲೆ ಬಂದು ನಿಂತಿತು. ನಾನು ಇಸ್ತ್ರಿಪೆಟ್ಟಿಗೆ ಆಡಿಸುತ್ತಾ ಅವಳ ಮೊಣಕೈಯ ಹಿಂದೆಯೇ ನಡೆದೆ. ಒಂದು ಗೆರೆಯಿಲ್ಲ, ಒಂದು ತೊಟ್ಟು ಆಚೆಗಿಲ್ಲ.

ಅಷ್ಟರಲ್ಲಿ ಎಲ್ಲಿಂದಲೋ ಒಂದು ಜೇನುಹುಳ ಬಂದು ಬಿಳಿ ಬೆಳಕಿನ ಮೇಲೆ ಸುತ್ತು ಹಾಕಿತು. ಅದು ಚಿತ್ರದ ನೊರೆಯ ಹತ್ತಿರ ಇಳಿದು, ಯೋಚಿಸಿ, ಹಾರಿಹೋಗಿ ನಿಜವಾದ ತ್ರಾನ್ಸಿತೊಳ ನಿಜವಾದ ಬೋಗುಣಿಯ ಅಂಚಿನಲ್ಲಿ ಕೂತಿತು.

"ಜಾಣ ಹುಳ" ಎಂದಳು ತ್ರಾನ್ಸಿತೊ.

ನಾಲ್ಕಕ್ಕೆ ಸರಿಯಾಗಿ ಸೋಡಾ ಕಂಪನಿಯ ಬಣ್ಣದವನು ಮಾರುಕಟ್ಟೆಗೆ ಬಂದ, ಹೆಗಲ ಮೇಲೆ ಏಣಿ, ಕೈಯಲ್ಲಿ ಎರಡು ಡಬ್ಬ ಕೆಂಪು. ಗೋಡೆಯ ಮುಂದೆ ನಾವೆಲ್ಲ ನಿಂತಿದ್ದೆವು. ದುಪ್ಪಟಿ ಹೊದೆಸಿ ಹೊತ್ತು ತಂದಿದ್ದ ಹಲಗೆಗಳು ಕೆಳಗೆ ಸಾಲಾಗಿ ನಿಂತಿದ್ದವು. ಅವನು ಎಡದಿಂದ ಬಲಕ್ಕೆ ನೋಡಿದ. ನಡುವೆ ಬಂದು ನಿಂತ. ಡಬ್ಬಗಳನ್ನು ಕೆಳಗಿಟ್ಟ.

"ಇದನ್ನ ಮುಚ್ಚಿ ಬಾಟಲಿ ಬರೀಬೇಕಾ ನಾನು?" ಎಂದು ದೋನ್ ಅಬುಂದಿಯೊ ಅವರನ್ನು ಕೇಳಿದ.

ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಅವರು ಟೋಪಿ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

"ಏಣಿ ತಂದಿದೀಯಲ್ಲಪ್ಪ" ಎಂದರು ಕೊನೆಗೆ. "ನಮ್ಮದು ಗಿಡ್ಡ. ಮೊಳೆ ಹೊಡೆಯೋಕೆ ಒಂದು ಗಂಟೆ ಕೊಡು. ಎಲ್ಲಿ ತ್ರಾನ್ಸಿತೊ, ಹುಡುಗನಿಗೆ ಒಂದು ದೊಡ್ಡ ಬಟ್ಟಲು ತೆಹಾತೆ. ನೊರೆ ಜಾಸ್ತಿ."

ಹುಡುಗ ಏಣಿ ಕೊಟ್ಟಿದ್ದಷ್ಟೇ ಅಲ್ಲ, ತಾನೇ ಹತ್ತಿ ಮೊಳೆ ಹೊಡೆದ. ತ್ರಾನ್ಸಿತೊ ಎರಡು ಸಲ ಬಟ್ಟಲು ತುಂಬಿಸಿದಳು. ಫ್ರಿಜ್ಜು ಬರಲಿಲ್ಲ, ಆ ವಿಷಯ ದೋನ್ ಅಬುಂದಿಯೊ ಇವತ್ತಿಗೂ ವಾರಕ್ಕೊಮ್ಮೆ ಎತ್ತುತ್ತಾರೆ.

ಆದರೆ ಮರುದಿನ ಬೆಳಿಗ್ಗೆ ಆರಕ್ಕೆ, ಟೋಪಿ ವ್ಯಾಪಾರ ಬಿಟ್ಟು, ಗೋಡೆಯ ಮುಂದೆ ಒಂದು ಮುಕ್ಕಾಲಿ ಹಾಕಿಕೊಂಡು ಕೂತವರು ಯಾರು ಎಂದುಕೊಂಡಿರಿ? ಪೂರ್ವದ ಬಾಗಿಲಿನಿಂದ ಬಿಸಿಲು ಬಂತು. ರೊಟ್ಟಿಯವಳ ನೆರಳು ನೆಲದ ಮೇಲೆ ಬಿದ್ದ ಕಡೆಗೇ ಚಿತ್ರದಲ್ಲೂ ಬಿದ್ದಿತ್ತು. ಅವರು ತಲೆಯಾಡಿಸಿದರು, ಏಳಲಿಲ್ಲ. ಮಧ್ಯಾಹ್ನ ಕಿಂಡಿಯಿಂದ ಬೆಳಕು ಬೋಗುಣಿಗೆ ಇಳಿದಾಗ ಒಂದು ಬಟ್ಟಲು ತರಿಸಿಕೊಂಡು ಕುಡಿದರು, ಆಗಲೂ ಏಳಲಿಲ್ಲ. ಅತ್ತೆ ನನ್ನ ಪಕ್ಕ ನಿಂತು ಗೊಣಗಿದಳು, "ಇವನಿಗೇನಾಯ್ತೇ? ಮೇಣ ಅಂಟಿಕೊಂಡಿತಾ?"

"ಸುಮ್ಮನಿರಿ ದೋನ್ಯಾ ಕ್ಲೊತೀಲ್ದೆ" ಎಂದರು ದೋನ್ ಅಬುಂದಿಯೊ, ಐದನೇ ಹಲಗೆಯಿಂದ ಕಣ್ಣು ತೆಗೆಯದೆ. "ನನ್ನ ಹೊತ್ತು ಇನ್ನೂ ಆಗಿಲ್ಲ. ಸಂಜೆ ಬಿಸಿಲು ಬರಲಿ."